ಬಿಯರಿನ ನಳ

ಹಾಲಿನ ಡೇರಿಯ ಫ್ರೀಜರು ರಿಪೇರಿಗೆ ಹೋಗುತ್ತೇನೆ ಎಂದು ಪ್ರಜ್ಞಾ ಅವ್ವನಿಗೆ ಸುಳ್ಳು ಹೇಳಿ ಇವತ್ತಿಗೆ ಹತ್ತೊಂಬತ್ತು ದಿನವಾಗಿತ್ತು. ಮೊದಲ ದಿನ ಅದು ಸುಳ್ಳು ಅಂತಲೂ ಅನ್ನಿಸಿರಲಿಲ್ಲ. ಸ್ಕೂಟಿ ಹೊರಗೆ ತೆಗೆಯುವಾಗ ಅವ್ವ ಒಳಗಿನಿಂದ ಎಲ್ಲಿಗೆ ಎಂದು ಕೇಳಿದ್ದಳು, ಇವಳು ಬಾಯಿಗೆ ಬಂದದ್ದನ್ನು ಹೇಳಿದ್ದಳು. ಆದರೆ ಸಾವಂತ್ರವ್ವ ಕೇಳಿ ಸುಮ್ಮನಾಗುವವಳಲ್ಲ. ದಿನಾ ಊಟಕ್ಕೆ ಕೂತಾಗ ಡೇರಿಯ ಬಗ್ಗೆ ಒಂದಾದರೂ ಪ್ರಶ್ನೆ. ಎಷ್ಟು ಲೀಟರು ಹಿಡಿಯುತ್ತದೆ, ಕರೆಂಟು ಹೋದರೆ ಹಾಲು ಏನು ಮಾಡುತ್ತಾರೆ, ಡೇರಿಯವನು ಯಾವ ಊರಿನವನು. ಹೀಗೆ ಕೇಳಿ ಕೇಳಿ ಇಲ್ಲದ ಡೇರಿಗೆ ಸಿಂದಗಿ ಕಡೆಯ ಒಬ್ಬ ಮ್ಯಾನೇಜರು ಬಂದಿದ್ದ, ಅವನಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಮೊನ್ನೆಯಂತೂ ಅವ್ವ, ಪಾಪ ಅವನ ಕಾಲು ಹೇಗಿದೆ ಎಂದು ಕೇಳಿದಾಗ ಪ್ರಜ್ಞಾ ಅರ್ಧ ರೊಟ್ಟಿ ಬಿಟ್ಟು ಕೈತೊಳೆಯಲು ಎದ್ದಿದ್ದಳು.

ಇವತ್ತು ರವಿವಾರ. ಅವ್ವ ಬಿಳಿ ಸೀರೆಯುಟ್ಟು ಬುದ್ಧವಿಹಾರಕ್ಕೆ ಹೊರಟು ನಿಂತಿದ್ದಳು. ‘ಇವತ್ತರ ಬಾ. ವಂದನಾ ಮುಗಿಸ್ಕೊಂಡು ಹೋಗುವಂತಿ’ ಅಂದಳು. ‘ಆಗೂದಿಲ್ಲಬೇ. ಇವತ್ತ ಚಾಲೂ ಮಾಡಿ ಕೊಡಬೇಕು’ ಎಂದು ಪ್ರಜ್ಞಾ ಹತ್ಯಾರಿನ ಪೆಟ್ಟಿಗೆಯನ್ನು ಸ್ಕೂಟಿಯ ಮೇಲೆ ಇಟ್ಟುಕೊಂಡಳು. ‘ಹಾಲೇನು ಒಂದ ತಾಸು ತಡಕೊಳ್ಳೂದಿಲ್ಲೇನ?’ ಅಂದಳು ಅವ್ವ. ಪ್ರಜ್ಞಾ ಗಾಡಿ ಚಾಲೂ ಮಾಡಿದಳು. ವಿಹಾರದಲ್ಲಿ ಎಲ್ಲರೂ ಸಾಲಾಗಿ ಕೂತು ಐದು ಶೀಲ ಹೇಳುವ ಹೊತ್ತಿಗೆ, ಅಮಲು ತರಿಸುವ ಯಾವುದನ್ನೂ ಮುಟ್ಟುವುದಿಲ್ಲ ಎಂಬ ಐದನೆಯದನ್ನು ಅವ್ವ ಉಳಿದ ನಾಲ್ಕಕ್ಕಿಂತ ಗಟ್ಟಿಯಾಗಿ ಹೇಳುವ ಹೊತ್ತಿಗೆ, ತಾನು ಬಸಂತರಾಯರ ಮನೆಯಲ್ಲಿ ಬಿಯರಿನ ಬ್ಯಾರೆಲ್ಲಿಗೆ ಪೈಪು ಜೋಡಿಸುತ್ತಿರುತ್ತೇನೆ ಎಂಬುದು ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಹೊಳೆದು ಅವಳಿಗೆ ಕಸಿವಿಸಿಯಾಯಿತು. ಆ ಕಸಿವಿಸಿಯ ಪಕ್ಕದಲ್ಲೇ ಬೆಳಗಿನಿಂದ ಒಂದು ಖುಷಿಯೂ ಕೂತಿತ್ತು. ಅದನ್ನು ಬೈದು ಎಬ್ಬಿಸಿದರೂ ಅದು ಏಳುತ್ತಿರಲಿಲ್ಲ.

ತನ್ನ ರಿಪೇರಿ ಅಂಗಡಿಯ ಮುಂದೆ ಹಾಯುವಾಗ ಬೋರ್ಡಿನ ಮೇಲೆ ಕಣ್ಣು ಹೋಯಿತು. ಐಟಿಐ ಮುಗಿಸಿ, ವಿಜಯಪುರದಲ್ಲಿ ಆರು ವರ್ಷ ಬೇರೆಯವರ ಕೈಕೆಳಗೆ ದುಡಿದು, ಮುದ್ದೇಬಿಹಾಳದಲ್ಲಿ ಸ್ವಂತ ಅಂಗಡಿ ಹಾಕಿ ಐದು ವರ್ಷವಾಗಿತ್ತು. ಈಗಲೂ ಫ್ರಿಜ್ಜು ಹೊತ್ತು ತಂದವರು ಅವಳ ಮುಖ ನೋಡಿ, ‘ಮೆಕ್ಯಾನಿಕ್ ಎಲ್ಲ್ಯಾರವಾ?’ ಎಂದು ಕೇಳುತ್ತಿದ್ದರು. ಮೊದಮೊದಲು ನಾನೇ ಎನ್ನುತ್ತಿದ್ದಳು. ಈಗ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾಳೆ, ಅಷ್ಟೇ. ಬಸಂತರಾಯರು ಮಾತ್ರ ಹಾಗೆ ಕೇಳಿರಲಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ವ್ಯಾಪಾರದ ದೊಡ್ಡ ಕುಳ, ಅರವತ್ತು ದಾಟಿದ ಮನುಷ್ಯ, ಮಧ್ಯಾಹ್ನದ ಬಿಸಿಲಿನಲ್ಲಿ ಕಾರು ನಿಲ್ಲಿಸಿ ತಾವೇ ಇಳಿದು ಬಂದು ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ್ದರು.

‘ನೋಡ್ ತಂಗಿ. ಪುಣೆದಾಗ ನಮ್ಮ ದೋಸ್ತನ ಮನ್ಯಾಗಿಂದು ಇದು. ಹಳೇ ಫ್ರೀಜರ್ ಪೆಟಿಗಿ. ನಳ ಎಳೆದ್ರ ಬಿಯರ್ ಬರ್ತೈತಿ, ಥಂಡಗಾರ. ಅಂವ ನನ್ನ ಕೈಯಾಗ ಗ್ಲಾಸ್ ಕೊಟ್ಟು ಏನಂದ ಗೊತ್ತೈತೇನ? ಬಸಂತ್ಯಾ, ನಿಮ್ಮ ಮುದ್ದೇಬಿಹಾಳದಾಗ ಇದೆಲ್ಲಾ ಎಲ್ಲಿ ಬರ್ಬೇಕು ಅಂದ. ಮುಂದಿನ ತಿಂಗಳ ನಮ್ಮ ಕಾಲೇಜಿನ ದೋಸ್ತರೆಲ್ಲಾ ನನ್ನ ಮನಿಗಿ ಬರಾವ್ರದಾರ. ಅಂವನೂ ಬರ್ತಾನ.’

‘ನನಗ ಬಿಯರ್ ಗೊತ್ತಿಲ್ರಿ ಸಾವ್ಕಾರ್ರ,’ ಅಂದಿದ್ದಳು ಪ್ರಜ್ಞಾ. ‘ಥಂಡಿ ಗೊತ್ತೈತಿ.’

‘ಅಷ್ಟ ಸಾಕು’ ಎಂದು ಅವರು ನಕ್ಕಿದ್ದರು.

ಆಗಲೇ ಒಲ್ಲೆ ಅನ್ನಬಹುದಿತ್ತು. ಒಲ್ಲೆ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಆ ವಿಡಿಯೋವನ್ನು ಇನ್ನೊಮ್ಮೆ ಹಾಕಿರಿ ಎಂದು ಕೇಳಿದವಳು ತಾನೇ. ಮೂರು ಸಲ ನೋಡಿದಳು. ಗ್ಲಾಸು, ನೊರೆ, ನಗುವ ಮುಖಗಳು ಒಂದೂ ಅವಳಿಗೆ ಕಾಣಲಿಲ್ಲ. ಪೈಪು ಒಳಗಿನಿಂದ ಹೊರಗೆ ಎಲ್ಲಿ ಬಂದಿದೆ, ಮುಚ್ಚಳ ಯಾಕೆ ಅಷ್ಟು ಎತ್ತರ ಕೂತಿದೆ ಎಂಬುದಷ್ಟೇ ಕಂಡಿತು. ಸಂಜೆಯವರೆಗೆ ಬೇರೆ ಯಾರದೋ ವಾಷಿಂಗ್ ಮಷಿನ್ ಬಿಚ್ಚಿ ಕೂತಾಗಲೂ ಅದೇ ಕಾಣುತ್ತಿತ್ತು. ಮರುದಿನ ಹೋಗಿ ನೋಡಿದರೆ ಫ್ರೀಜರು ಬಸಂತರಾಯರ ಹೆಂಡತಿ ಬಾಳಮ್ಮನದು. ಹಿತ್ತಲ ಪಡಸಾಲೆಯಲ್ಲಿ ಇಟ್ಟು ಹಸಿ ಬಟಾಣಿ, ಮಾವಿನ ರಸ, ಬೆಣ್ಣೆ ತುಂಬಿಸಿಕೊಂಡಿದ್ದರು. ‘ನಂದೊಂದ ಪೆಟಿಗಿ ಇತ್ತು, ಅದನ್ನೂ ದಾರೂ ಅಂಗಡಿ ಮಾಡ್ರಿ’ ಎಂದು ಗಂಡನಿಗೆ ಕೇಳುವಂತೆ ಗೊಣಗುತ್ತ ಬಟಾಣಿಯ ಚೀಲಗಳನ್ನು ಒಂದೊಂದಾಗಿ ಬುಟ್ಟಿಗೆ ಎತ್ತಿಡುತ್ತಿದ್ದರು. ಪ್ರಜ್ಞಾ ತಾನೂ ಚೀಲ ಎತ್ತಿಕೊಟ್ಟಳು. ಆಮೇಲೆ ಚಹಾ ಬಂತು, ಪೇಪರ್ ಕಪ್ಪಿನಲ್ಲಿ.

ಆ ಪೇಪರ್ ಕಪ್ಪಿನ ವಿಚಾರ ಅವಳನ್ನು ಹತ್ತೊಂಬತ್ತು ದಿನವೂ ಬಿಟ್ಟಿರಲಿಲ್ಲ. ಕೆಲಸಕ್ಕೆ ಬಂದವರಿಗೆಲ್ಲ ಅದರಲ್ಲೇ ಕೊಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಬಡಿಗ ನಬಿಲಾಲ ಬಂದ ದಿನ ಕದ್ದು ನೋಡಿದಳು. ಅವನಿಗೂ ಪೇಪರ್ ಕಪ್ಪೇ. ಸಮಾಧಾನವಾಯಿತು. ಮರುದಿನ ಕೇಬಲ್ಲಿನ ಹುಡುಗನಿಗೆ ಸ್ಟೀಲಿನ ವಾಟಗದಲ್ಲಿ ಕೊಟ್ಟಿದ್ದನ್ನು ಕಂಡು ಆ ಸಮಾಧಾನ ಹೋಯಿತು. ಅವನು ಇವರ ಜಾತಿಯವನಿರಬಹುದು, ಅಥವಾ ಆವತ್ತು ಕಪ್ಪು ಮುಗಿದಿರಬಹುದು. ಬಾಳಮ್ಮ ಕೆಟ್ಟವರಲ್ಲ, ಬಿಸಿಲಾಗೈತಿ ತಂಗಿ ನೆಳ್ಳಿಗಿ ಕುಂದ್ರು ಎನ್ನುವವರು. ಇಂಥ ಸಣ್ಣದಕ್ಕೆ ಇಷ್ಟು ಲೆಕ್ಕ ಹಾಕುವ ತನ್ನ ಮನಸ್ಸಿನ ಬಗ್ಗೆಯೇ ಅವಳಿಗೆ ನಾಚಿಕೆಯಾಗುತ್ತಿತ್ತು, ಆ ನಾಚಿಕೆ ತನಗೇಕೆ ಆಗಬೇಕು ಎಂದು ಮತ್ತೆ ಸಿಟ್ಟು ಬರುತ್ತಿತ್ತು.

ಆದರೆ ಕೆಲಸದಲ್ಲಿ ಕೈ ಇಟ್ಟರೆ ಇದೊಂದೂ ನೆನಪಿರುತ್ತಿರಲಿಲ್ಲ. ಬಾಳಮ್ಮನ ತಮ್ಮ ಸಿದ್ದಾರೂಢ ವಿಜಯಪುರದಲ್ಲಿ ಬಾರ್ ನಡೆಸುವವನು. ಬ್ಯಾರೆಲ್ಲು ತರಿಸುವುದು, ಒಂದು ದಿನದ ಸನ್ನದು ಮಾಡಿಸುವುದು ಅವನ ಜವಾಬ್ದಾರಿ. ಮೊದಲ ವಾರವೇ ಡ್ರಿಲ್ಲು ಹಿಡಿದುಕೊಂಡು ಬಂದು, ‘ಇದರಾಗ ಏನೈತಿ, ಗೋಡಿಗಿ ತೂತ ಹೊಡಿ, ನಳ ಕೂಡ್ಸು, ಮುಗೀತು’ ಅಂದಿದ್ದ. ಪ್ರಜ್ಞಾ ಪೆಟ್ಟಿಗೆಗೆ ಅಡ್ಡ ನಿಂತಳು. ‘ಈ ಗೋಡ್ಯಾಗ ಗ್ಯಾಸಿನ ಪೈಪು ಸುತ್ತ್ಯಾವ್ರಿ. ತೂತು ಬಿದ್ರ ಪೆಟಿಗಿ ಸತ್ತಂಗ.’ ‘ನೀ ಒಳಗ ಹೊಕ್ಕು ನೋಡೀಯೇನ?’ ಎಂದು ಅವನು ನಕ್ಕ. ಅವಳು ಫ್ರೀಜರು ಚಾಲೂ ಮಾಡಿದಳು. ಅರ್ಧ ತಾಸಿನಲ್ಲಿ ಒಳಗೋಡೆಯ ಮೇಲೆ ಪೈಪು ಹಾದುಹೋದ ದಾರಿಯುದ್ದಕ್ಕೂ ಬಿಳಿ ಹಿಮದ ಗೆರೆ ಮೂಡಿತು, ರಂಗೋಲಿಯ ಎಳೆಯ ಹಾಗೆ, ಮೇಲಿನಿಂದ ಕೆಳಗಿನವರೆಗೆ ನಾಲ್ಕು ಬೆರಳಿಗೊಂದು. ಸಿದ್ದಾರೂಢನ ಕೈ ಹಿಡಿದು ಅದರ ಮೇಲೆ ಇಡಿಸಬೇಕು ಎನ್ನಿಸಿತು; ಕೈ ಹಿಡಿಯಲಿಲ್ಲ, ‘ಮುಟ್ಟಿ ನೋಡ್ರಿ’ ಅಂದಳಷ್ಟೆ. ಅವನು ಮುಟ್ಟಲಿಲ್ಲ. ಬಸಂತರಾಯರು ಮುಟ್ಟಿದರು, ಎರಡು ಸಲ.

ಗೋಡೆಗೆ ತೂತಿಲ್ಲದೆ ನಳ ಕೂರಿಸಬೇಕು. ಮುಚ್ಚಳ ಬಿಚ್ಚಿ, ಪೆಟ್ಟಿಗೆಯ ಬಾಯಿಗೆ ಸರಿಯಾಗಿ ಒಂದು ಗೇಣು ಎತ್ತರದ ಸಾಗವಾನಿ ಚೌಕಟ್ಟು ಕೂರಿಸಿ, ಅದರ ಮೇಲೆ ಮುಚ್ಚಳ. ಎರಡು ನಳ, ಎರಡೂ ಚೌಕಟ್ಟಿಗೆ. ಚೌಕಟ್ಟು ಮಾಡಿಕೊಟ್ಟವನು ನಬಿಲಾಲ. ಅವನಿಗೆ ಅವಳು ಇದ್ದದ್ದನ್ನು ಇದ್ದಂತೆ ಹೇಳಿದ್ದಳು, ಅವ್ವನಿಗೆ ಹೇಳಲಾರದ್ದನ್ನು ಯಾರಿಗಾದರೂ ಹೇಳಬೇಕಾಗಿತ್ತೇನೋ. ಅವನು ಉಳಿಯನ್ನು ಕೆಳಗಿಟ್ಟು ಗಡ್ಡ ಸವರಿಕೊಂಡ. ‘ನಾ ಕಟ್ಟಿಗಿ ಚೌಕಟ್ಟ ಮಾಡ್ತೇನಿ ತಂಗಿ. ಒಳಗ ಏನ ಇಡ್ತಾರ ನಾ ಕೇಳಿಲ್ಲ, ನೀ ಹೇಳಿಲ್ಲ.’ ‘ಈಗ ಹೇಳಿದ್ನೆಲ್ಲ ಕಾಕಾ.’ ‘ನನಗ ಆ ಕಿವಿ ಮಂದ’ ಎಂದು ಗಹಗಹಿಸಿ ನಕ್ಕಿದ್ದ. ಅಷ್ಟು ಸಲೀಸಾಗಿ ನಗುವುದು ತನಗೇಕೆ ಬರುವುದಿಲ್ಲ ಎಂದು ಅವಳು ಹೊಟ್ಟೆಕಿಚ್ಚುಪಟ್ಟಳು. ಆದರೂ ಕೆಲಸ ಮುಗಿದ ಮೇಲೆ ಅವನು ಎರಡು ಸಲ ಯಾವುದೋ ನೆಪ ಮಾಡಿಕೊಂಡು ಬಂದು, ಮೂಲೆಯ ಜೋಡಣೆಯಲ್ಲಿ ಉಗುರು ಆಡಿಸಿ, ಉಗುರೂ ಹೋಗದ್ದನ್ನು ಕಂಡು, ಬಂದ ಹಾಗೇ ಹೋಗಿದ್ದ. ಅದು ಅವಳಿಗೆ ಅರ್ಥವಾಗುತ್ತಿತ್ತು. ತಾನೂ ಹಾಗೆಯೇ ಮಾಡುತ್ತಿದ್ದಳು. ಹೆಪ್ಪುಗಟ್ಟಿಸುವುದೊಂದೇ ಗೊತ್ತಿದ್ದ ಆ ಪೆಟ್ಟಿಗೆಗೆ ಮೂರು ಡಿಗ್ರಿಗೆ ನಿಲ್ಲುವುದನ್ನು ಕಲಿಸಲು ಅವಳಿಗೆ ನಾಲ್ಕು ದಿನ ಹಿಡಿದಿತ್ತು. ಹೊರಗೆ ಥಂಡಿ ಅಳೆದು ಕರೆಂಟು ಕಡಿಯುವ ಒಂದು ಸ್ವಿಚ್ಚು ಜೋಡಿಸಿ, ಅದರ ತಂತಿಯ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿಟ್ಟು, ಮೂರಕ್ಕೆ ಬಂದಾಗ ಕಂಪ್ರೆಸರ್ ಟಕ್ ಎಂದು ತಾನಾಗಿ ನಿಂತ ಆ ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಒಬ್ಬಳೇ ಇದ್ದಳು. ಯಾರಿಗಾದರೂ ಹೇಳಬೇಕು ಅನ್ನಿಸಿ ಸುತ್ತ ನೋಡಿದಳು. ಗೋಡೆಯ ಮೇಲೆ ಒಂದು ಹಲ್ಲಿ ಇತ್ತು.

ಇವತ್ತು ಹೋಗಿ ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಶಾಮಿಯಾನ ಬಿದ್ದಿತ್ತು, ಹಿತ್ತಲಿನಿಂದ ತಂದ ಪೆಟ್ಟಿಗೆ ಅದರ ಕೆಳಗಿತ್ತು. ಬ್ಯಾರೆಲ್ಲುಗಳು ನಿನ್ನೆಯೇ ಬಂದು ಪೆಟ್ಟಿಗೆಯಲ್ಲಿ ತಣ್ಣಗಾಗಿದ್ದವು. ಅದಕ್ಕೂ ಮೊದಲು ನೀರು ತುಂಬಿಸಿ ಪರೀಕ್ಷೆ ಮಾಡಿದಾಗ ಎರಡೂ ನಳ ಒಂದು ಹನಿಯೂ ತೊಟ್ಟಿಕ್ಕದೆ ಕೆಲಸ ಮಾಡಿದ್ದವು. ಅವಳು ಪೈಪು ಜೋಡಿಸಿ, ಸೋಡಾ ಗ್ಯಾಸಿನ ಸಿಲಿಂಡರಿನ ಮುಳ್ಳು ನೋಡಿ, ಸಾಗವಾನಿಯ ಮೇಲಿನ ಬೆರಳಚ್ಚನ್ನು ಅರಿವೆಯಿಂದ ಒರೆಸಿದಳು. ಬಸಂತರಾಯರು ಹೊಸ ಬಿಳಿ ಅಂಗಿ ತೊಟ್ಟು ಬಂದು ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದರು. ‘ಭೇಶ್’ ಅಂದರು. ಆಮೇಲೆ ಅವಳ ಕಡೆ ನೋಡದೆ, ‘ನೀ ಅಡಗಿ ಮನಿ ಕಡೆ ಇರು ತಂಗಿ. ಬೇಕಾದ್ರ ಕರೀತೇನಿ’ ಅಂದರು.

ಅಡುಗೆಮನೆಯ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಹನ್ನೆರಡು ಮಂದಿ, ಎಲ್ಲರೂ ತಲೆ ನರೆತವರು, ಒಬ್ಬರನ್ನೊಬ್ಬರು ಏಕವಚನದಲ್ಲಿ ಕೂಗಾಡುತ್ತ ಹುಡುಗರಾಗಿಬಿಟ್ಟಿದ್ದರು. ಇಂಡಿ ಊರಿನ ದ್ರಾಕ್ಷಿ ತೋಟದವರು, ಬಾಗೇವಾಡಿಯ ಡಾಕ್ಟರು, ಪುಣೆಯವನು. ಪೆಟ್ಟಿಗೆಯ ಸುತ್ತ ಗುಂಪು ಕೂಡಿತು. ಯಾರೋ ಚೌಕಟ್ಟನ್ನು ತಟ್ಟಿ, ‘ಯಾರಲೇ ಮಾಡಿದ್ದು ಇದನ್ನ?’ ಅಂದರು. ಬಾಳಮ್ಮ ಹೆಚ್ಚುತ್ತಿದ್ದ ಉಳ್ಳಾಗಡ್ಡಿಯಿಂದ ಪ್ರಜ್ಞಾ ಕಣ್ಣೆತ್ತಿದಳು. ‘ಪುಣೆ ಕಂಪನಿಯವರು ಬಂದಿದ್ರು, ಮಾಡಿ ಕೊಟ್ಟು ಹೋದ್ರು’ ಎಂದು ಬಸಂತರಾಯರ ದನಿ ಕೇಳಿತು. ಪುಣೆಯವನು ಯಾವ ಕಂಪನಿ ಎಂದು ಕೇಳಿದ. ಬಸಂತರಾಯರು ಕೇಳಿಸದವರ ಹಾಗೆ ಮಿರ್ಚಿ ತರಲು ಕೂಗಿದರು. ಬಾಳಮ್ಮ ಈಳಿಗೆಯ ಮೇಲೆ ಕೈ ನಿಲ್ಲಿಸಿ, ‘ಗಂಡಸರು ಹಂಗ ಅಂತಾರವ್ವ’ ಅಂದರು. ಹೌದ್ರಿ ಎಂದಳು ಪ್ರಜ್ಞಾ. ಉಳ್ಳಾಗಡ್ಡಿಯಿಂದ ಕಣ್ಣು ಉರಿಯುತ್ತಿದ್ದದ್ದು ಒಳ್ಳೆಯದೇ ಆಯಿತು. ಅವ್ವನಿಗೆ ತಾನು ಹೇಳಿದ್ದೂ ಹೀಗೆಯೇ ಅಲ್ಲವೇ, ಇದ್ದದ್ದನ್ನು ಮುಚ್ಚಿ ಇಲ್ಲದವರ ಹೆಸರು. ತನ್ನ ಡೇರಿಯ ಮ್ಯಾನೇಜರೂ ಇವರ ಪುಣೆ ಕಂಪನಿಯೂ ಒಂದೇ ಊರಿನವರು.

ಹೊರಗೆ ಚಪ್ಪಾಳೆ ಬಿತ್ತು, ಹಿಂದೆಯೇ ನಗೆ. ನಗೆ ನಿಲ್ಲಲಿಲ್ಲ. ಕಿಟಕಿಗೆ ಹೋಗಿ ನೋಡಿದಳು. ನಳದಿಂದ ನೊರೆ ಬರುತ್ತಿತ್ತು, ಬರೀ ನೊರೆ. ಗ್ಲಾಸು ತುಂಬಿ, ಬಸಂತರಾಯರ ಕೈ ತುಂಬಿ, ಹೊಸ ಅಂಗಿಯ ತೋಳಿನ ಮೇಲೆ ಇಳಿದು ನೆಲಕ್ಕೆ ಬೀಳುತ್ತಿತ್ತು. ಎರಡನೆಯ ನಳದಲ್ಲೂ ಅದೇ. ಸಿದ್ದಾರೂಢ ಪೆಟ್ಟಿಗೆಯ ಮುಚ್ಚಳ ತೆಗೆದು ಗ್ಯಾಸು ಹೆಚ್ಚಿಸಿದ; ನೊರೆ ಫೂತ್ಕರಿಸಿ ಡಾಕ್ಟರ ಕನ್ನಡಕಕ್ಕೆ ಹಾರಿತು. ಪುಣೆಯವನು ಮೊಬೈಲು ಎತ್ತಿ ಹಿಡಿದಿದ್ದ. ‘ಬಸಂತ್ಯಾ, ಬಿಯರ್ ಬ್ಯಾಡ ಬಿಡು, ದಾಡಿ ಮಾಡ್ಕೊಳ್ಳಾಕ ಆಗ್ತೈತಿ’ ಎಂದ.

‘ತಂಗಿ! ಏ ತಂಗಿ!’ ಎಂದು ಬಸಂತರಾಯರು ಕೂಗಿದರು.

ಅವಳು ಸೆರಗಿನಂತೆ ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು ಹೊರಗೆ ಬಂದಳು. ಬಸಂತರಾಯರ ಮುಖ ಕೆಂಪಾಗಿತ್ತು. ‘ಪರಶ್ಯಾನ ಮಗಳ ಕೈಯಾಗ ಕೊಟ್ಟೆ ನೋಡ್ರಿ, ನನಗ ಬುದ್ಧಿ ಇಲ್ಲ’ ಎಂದರು ಎಲ್ಲರಿಗೂ ಕೇಳುವಂತೆ. ಕೆಟ್ಟಾಗ ಮಾತ್ರ ಹೆಸರು ಬಂತು ಎಂದು ಅವಳಿಗೆ ಅನ್ನಿಸಿತು, ಅದೂ ತನ್ನದಲ್ಲ, ಅಪ್ಪನದು. ಸಿದ್ದಾರೂಢ ಕೈ ಒರೆಸಿಕೊಳ್ಳುತ್ತ, ‘ಕುಡುಕನ ಮಗಳಿಗಿ ಕುಡಿಯೂ ಮಷಿನ್ ಬರ್ತೈತಿ ಅಂದ್ಕೊಂಡಿರಬೇಕು ಮಾಮಾ’ ಅಂದ. ಯಾರೋ ಒಬ್ಬರು ನಕ್ಕರು. ಒಬ್ಬರೇ ನಕ್ಕಿದ್ದು, ಉಳಿದವರು ನೆಲ ನೋಡಿದರು. ಆ ಒಬ್ಬರ ನಗೆ ಮುಗಿಯುವವರೆಗೆ ಅವಳು ನಿಂತಲ್ಲೇ ನಿಂತಿದ್ದಳು. ಆಮೇಲೆ ಮುಚ್ಚಳ ಎತ್ತಿ ಎರಡೂ ಕೈಗಳನ್ನು ಪೆಟ್ಟಿಗೆಯೊಳಗೆ ಇಳಿಬಿಟ್ಟಳು.

ಒಳಗೆ ತಂಪು. ಮೊಣಕೈವರೆಗೆ ತಂಪು. ಅಪ್ಪನ ಕೈ ಯಾವಾಗಲೂ ಬೆಚ್ಚಗಿರುತ್ತಿದ್ದವು. ಮುಳವಾಡದ ಏತ ನೀರಾವರಿಯ ನೀರು ಬಂದ ಮೇಲೆ ಹೊಲಗಳಲ್ಲಿ ಪಂಪುಸೆಟ್ಟುಗಳು ಹೆಚ್ಚಾಗಿ, ಪರಶು ಅಂದರೆ ಮೋಟರು, ಮೋಟರು ಅಂದರೆ ಪರಶು ಎಂದಾಗಿದ್ದ ಕಾಲ. ಸ್ಕ್ರೂಡ್ರೈವರಿನ ತುದಿ ಮೋಟರಿಗೆ ಒತ್ತಿ, ಹಿಡಿಯನ್ನು ಅವಳ ಕಿವಿಗೆ ಇಡುತ್ತಿದ್ದ: ಕೇಳು, ಏನಂತೈತಿ? ಅವಳಿಗೆ ಹನ್ನೊಂದು ವರ್ಷ. ಅವತ್ತು ತಾಮ್ರದ ತಂತಿ ಅರ್ಧ ಸುತ್ತುವಷ್ಟರಲ್ಲಿ ಅವನ ಕೈ ನಡುಗತೊಡಗಿದ್ದವು. ತಂತಿ ಒಂದರ ಮೇಲೊಂದು ಬೀಳುತ್ತಿತ್ತು. ಅವನು ಅವಳನ್ನು ನೋಡಿದ. ಅವ್ವ ಕಳೆ ತೆಗೆಯಲು ಹೋಗಿದ್ದಳು. ಅವನು ಹೋಗು ಅನ್ನಲಿಲ್ಲ, ಬರೀ ನೋಡಿದ. ಅವಳೇ ಎದ್ದು ಓಡಿಹೋಗಿ ಅಂಗಡಿಯಿಂದ ಸಾರಾಯಿ ಪಾಕೀಟು ತಂದುಕೊಟ್ಟಳು. ಅಪ್ಪನ ಮೇಲಿನ ಕರುಣೆಯಿಂದಲ್ಲ. ಆ ಮೋಟರು ಮುಗಿಯುವುದನ್ನು ನೋಡಬೇಕಾಗಿತ್ತು. ಅವನು ಕುಡಿದ, ಕೈ ನಿಂತವು, ಸುತ್ತು ಎಷ್ಟು ಚೆಂದ ಬಿದ್ದವೆಂದರೆ ಹೊಸ ಮೋಟರಿನಲ್ಲೂ ಹಾಗಿರುವುದಿಲ್ಲ. ಐದು ವರ್ಷದ ನಂತರ ಹೊಟ್ಟೆ ಉಬ್ಬಿ ಅವನು ತೀರಿಕೊಂಡಾಗ, ಅತ್ತವರ ನಡುವೆ ಕೂತು ಅವಳು ನೆನೆದದ್ದು ಆ ತಂತಿಯ ಹೊಳಪನ್ನು. ಇದನ್ನು ಯಾರಿಗೂ ಹೇಳಿರಲಿಲ್ಲ. ಯಂತ್ರ ಸರಿಹೋಗುವುದಿದ್ದರೆ ತಾನು ಏನು ಬೇಕಾದರೂ ತಂದುಕೊಡುವವಳು, ಅಂಥವಳು. ಹತ್ತೊಂಬತ್ತು ದಿನದಿಂದ ಒಳಗೆ ಕೊರೆಯುತ್ತಿದ್ದದ್ದು ಇದೇ ಎಂದು ಈಗ ಗೊತ್ತಾಯಿತು.

ಆದರೆ ಕೈ ಯೋಚಿಸುವುದನ್ನು ಬಿಟ್ಟಿರಲಿಲ್ಲ. ಕೆಳಗೆ ಬ್ಯಾರೆಲ್ಲು ಕೊರೆಯುವಷ್ಟು ತಣ್ಣಗಿತ್ತು. ಮೇಲೆ ಚೌಕಟ್ಟಿನ ಹತ್ತಿರ ಪೈಪು ಬೆಚ್ಚಗಿತ್ತು. ಥಂಡಿ ಕೆಳಗೆ ಕೂತಿದೆ, ಮೇಲೆ ಬಂದಿಲ್ಲ. ತಣ್ಣಗಿನ ಬಿಯರು ಬೆಚ್ಚಗಿನ ಪೈಪಿಗೆ ಬಂದೊಡನೆ ಗ್ಯಾಸು ಬಿಡುತ್ತಿದೆ. ನೀರಿನಲ್ಲಿ ಗ್ಯಾಸಿಲ್ಲ, ಅದಕ್ಕೇ ಪರೀಕ್ಷೆಯಲ್ಲಿ ತಿಳಿಯಲಿಲ್ಲ. ಅಷ್ಟೇ ಅಲ್ಲ. ಪೈಪು ಗಿಡ್ಡ. ಇಷ್ಟುದ್ದ ಯಾಕೆ, ಒಳಗೆಲ್ಲ ಸಿಕ್ಕಾಗುತ್ತದೆ ಎಂದು ಸಿದ್ದಾರೂಢ ಎರಡೂ ಪೈಪುಗಳನ್ನು ಮೂರು ಅಡಿಗೆ ಕತ್ತರಿಸಿಟ್ಟಿದ್ದ, ಇವಳು ಹೂಂ ಅಂದಿದ್ದಳು. ತಪ್ಪು ತನ್ನದೂ ಹೌದು. ಫ್ರಿಜ್ಜಿನೊಳಗೆ ಗ್ಯಾಸಿನ ಜೋರು ಇಳಿಸುವುದಕ್ಕೆ ಏನಿರುತ್ತದೆ? ಕ್ಯಾಪಿಲರಿ. ಕೂದಲಿನಂಥ ಸಣ್ಣ ಪೈಪು, ಮಾರುದ್ದ. ಬೇರೆ ಏನೂ ಮಾಡುವುದಿಲ್ಲ ಅದು, ಬರೀ ಉದ್ದವಿರುತ್ತದೆ; ಆ ಉದ್ದದಲ್ಲಿ ಹರಿದು ಹರಿದು ಗ್ಯಾಸು ಸುಸ್ತಾಗುತ್ತದೆ. ಬಿಯರಿಗೂ ಹಾದಿ ಉದ್ದ ಬೇಕು. ಬಸವಳಿದು ಬರಬೇಕು ನಳಕ್ಕೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾವ ವಿಡಿಯೋದಲ್ಲೂ ನೋಡಿದ್ದಲ್ಲ. ಮೈಯೆಲ್ಲ ಜುಂ ಅಂದಿತು.

‘ಒಂದ ತಾಸು ಕೊಡ್ರಿ’ ಅಂದಳು ತಲೆ ಎತ್ತಿ.

‘ಜನಾ ಕುಂತಾರ ಇಲ್ಲೆ’ ಅಂದರು ಬಸಂತರಾಯರು.

‘ಕುಂದ್ರಲಿ ಬಿಡ್ರಿ. ಮಿರ್ಚಿ ಬಿಸಿ ಅದಾವು.’ ಅನಂತರ ಸಿದ್ದಾರೂಢನ ಕಡೆಗೆ, ‘ನೀವು ಗ್ಯಾಸಿನ ಮ್ಯಾಲಿಂದ ಕೈ ತಗೀರಿ.’

ಅವನು ಏನೋ ಹೇಳಲು ಬಾಯಿ ತೆರೆದ. ಬಸಂತರಾಯರು ಅವಳ ಮುಖವನ್ನೇ ನೋಡುತ್ತಿದ್ದರು. ಅಲ್ಲಿ ಏನು ಕಂಡರೋ, ಭಾವಮೈದುನನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು.

ಪೈಪಿನ ಸುರುಳಿಯಲ್ಲಿ ಉಳಿದದ್ದು ಸ್ಕೂಟಿಯ ಡಿಕ್ಕಿಯಲ್ಲಿತ್ತು. ಅದರಲ್ಲಿ ಹತ್ತು ಹತ್ತು ಅಡಿಯ ಎರಡು ತುಂಡು ಅಳೆದು ಕತ್ತರಿಸಿ, ಬ್ಯಾರೆಲ್ಲಿನ ಮೇಲೆ ಸಿಂಬಿಯ ಹಾಗೆ ಸುತ್ತಿಟ್ಟಳು. ಹತ್ಯಾರಿನ ಪೆಟ್ಟಿಗೆಯಲ್ಲಿ ಯಾರದೋ ಫ್ರಿಜ್ಜಿನ ಹಳೆಯ ಸಣ್ಣ ಫ್ಯಾನು ಇತ್ತು, ಅಂಗೈಯಷ್ಟು. ಅದನ್ನು ಪೆಟ್ಟಿಗೆಯ ತಳದಲ್ಲಿ ಮೇಲ್ಮುಖವಾಗಿ ಕೂರಿಸಿ, ಕೆಳಗಿನ ಥಂಡಿಯನ್ನು ಚೌಕಟ್ಟಿನವರೆಗೆ ಊದುವಂತೆ ಮಾಡಿದಳು. ಒಳಗೆ ಕತ್ತಲು. ‘ಬೆಳಕ ಹಿಡೀರಿ’ ಅಂದಳು, ಯಾರಿಗೆ ಅನ್ನುವುದನ್ನು ನೋಡದೆ. ಮೊಬೈಲಿನ ಬೆಳಕು ಬಂತು. ‘ಇಲ್ಲಲ್ಲ, ಎಡಕ್ಕ. ಕೆಳಗ ಹಿಡೀರಿ ಇನ್ನೂ.’ ಬೆಳಕು ಎಡಕ್ಕೆ ಬಂತು, ಕೆಳಗೆ ಬಂತು. ಕ್ಲಿಪ್ಪು ಬಿಗಿದು ತಲೆ ಎತ್ತಿದರೆ, ಬೆಳಕು ಹಿಡಿದು ಬಗ್ಗಿ ನಿಂತವರು ಬಸಂತರಾಯರು. ಒದ್ದೆಯ ತೋಳು ಮಡಿಸಿಕೊಂಡಿದ್ದರು. ಹಣೆಯ ಮೇಲೆ ಬೆವರಿತ್ತು. ‘ಈಗ ಸರಿ ಐತೇನ?’ ಎಂದು ಕೇಳಿದರು, ಮೆಲ್ಲಗೆ, ಪರೀಕ್ಷೆಯಲ್ಲಿ ಪಕ್ಕದವನನ್ನು ಕೇಳುವ ಹಾಗೆ. ‘ಸರಿ ಐತ್ರಿ’ ಅಂದಳು. ಬ್ಯಾರೆಲ್ಲಿನಲ್ಲಿ ಹೆಚ್ಚಾಗಿದ್ದ ಗ್ಯಾಸು ಬಿಟ್ಟು, ಮುಳ್ಳನ್ನು ಇಳಿಸಿ, ಮುಚ್ಚಳ ಹಾಕಿ ಕಾದಳು. ನಲವತ್ತು ನಿಮಿಷ ಕಾಯುವುದು ಇಡೀ ಕೆಲಸದಲ್ಲಿ ಕಷ್ಟದ್ದಾಗಿತ್ತು. ಚೌಕಟ್ಟಿನ ಮೇಲೆ ಅಂಗೈ ಇಟ್ಟು, ಕಟ್ಟಿಗೆ ಒಳಗಿನಿಂದ ಮೆಲ್ಲಗೆ ತಂಪಾಗುವುದನ್ನು ಕಾದಳು.

ಗ್ಲಾಸು ಕೊಡಿರಿ ಎಂದು ಕೈ ಚಾಚಿದಾಗ ಎಲ್ಲರೂ ಪೆಟ್ಟಿಗೆಯ ಸುತ್ತ ಬಂದು ನಿಂತರು. ಅವಳು ಗ್ಲಾಸನ್ನು ಓರೆಯಾಗಿ ಹಿಡಿದು ನಳ ಎಳೆದಳು. ಮೊದಲು ಒಂದು ಗುಟುಕು ನೊರೆ ಉಗುಳಿತು. ಆಮೇಲೆ ಬಂತು, ಸದ್ದಿಲ್ಲದೆ, ಒಂದೇ ಧಾರೆಯಾಗಿ, ಸುಗ್ಗಿಯ ಜೋಳದ ದಂಟಿನ ಬಣ್ಣ. ಗಾಜಿನ ಗೋಡೆಗುಂಟ ಇಳಿದು ತುಂಬುತ್ತ ಬಂದು, ಕೊನೆಗೆ ಎರಡು ಬೆರಳಿನಷ್ಟು ಬಿಳಿ ನೊರೆ ಕಟ್ಟಿ ನಿಂತಿತು. ಗ್ಲಾಸಿನ ಹೊರಗೆ ಮಂಜು ಕಟ್ಟಿತು. ಅವಳು ಅದನ್ನು ಬಿಸಿಲಿಗೆ ಎತ್ತಿ ಹಿಡಿದಳು, ಕುಡಿಯುವವರಿಗೆ ತೋರಿಸಲು ಅಲ್ಲ, ತಾನು ನೋಡಲು. ಅದರಾಚೆಗೆ ಶಾಮಿಯಾನ, ಮುಖಗಳು, ಸಿದ್ದಾರೂಢ, ಎಲ್ಲ ಹೊಂಬಣ್ಣಕ್ಕೆ ತಿರುಗಿ ತಲೆಕೆಳಗಾಗಿ ಕಂಡವು. ಇದನ್ನು ನಾನು ಮಾಡಿದೆ ಎಂದು ಒಳಗೆ ಒಂದು ದನಿ ಹೇಳಿತು, ಅದರಲ್ಲಿ ತಪ್ಪಿನ ಅಳುಕು ಎಳ್ಳಷ್ಟೂ ಇರಲಿಲ್ಲ.

ಪುಣೆಯವನು ಮೊದಲು ಕುಡಿದ. ಮೀಸೆ ಒರೆಸಿಕೊಂಡ. ‘ನನ್ನ ಮನೀದಕ್ಕಿಂತ ಚಲೋ ಬಂದೈತಲೇ’ ಅಂದ. ಆಮೇಲೆ, ‘ಪುಣೆ ಕಂಪನಿ ಅಂದಿ?’

ಎಲ್ಲರೂ ನಕ್ಕರು. ಬಸಂತರಾಯರು ನಗಲಿಲ್ಲ. ‘ಸುಳ್ಳ ಹೇಳಿದೆ’ ಅಂದರು. ‘ಇಕಿ ಮಾಡಿದ್ದು. ಪ್ರಜ್ಞಾ. ಬಸ್‌ಸ್ಟ್ಯಾಂಡ್ ಹತ್ರ ಅಂಗಡಿ ಐತಿ.’ ಒದ್ದೆ ತೋಳು ಹಿಂಡಿಕೊಂಡು, ‘ಮೊದಲಿಗೇ ಹೇಳಬೇಕಾಗಿತ್ತು’ ಅಂದರು. ಮತ್ತೊಂದು ಗ್ಲಾಸು ತಾವೇ ಹಿಡಿದು ಅವಳ ಮುಂದೆ ಚಾಚಿದರು. ‘ತಗೋ. ರುಚಿ ನೋಡು.’

‘ನಾ ಕುಡಿಯೂದಿಲ್ರಿ.’

‘ಒಂದ ಗುಟುಕು. ನೀ ಮಾಡಿದ್ದು ಹೆಂಗಾಗೈತಿ ನಿನ್ಗ ಗೊತ್ತಾಗ್ಬೇಕಲ್ಲ?’

‘ಕೈಗಿ ಗೊತ್ತಾಗೈತ್ರಿ’ ಅಂದಳು ಪ್ರಜ್ಞಾ. ‘ಮೂರ ಡಿಗ್ರಿ ಐತಿ.’

ಬಾಗೇವಾಡಿಯ ಡಾಕ್ಟರು ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದರು, ತಮ್ಮ ಆಸ್ಪತ್ರೆಯ ಲಸಿಕೆಯ ಫ್ರಿಜ್ಜು ಗುರುಗುಡುತ್ತದೆ, ಬಂದು ನೋಡು ಎಂದು ನಂಬರು ಬರೆದುಕೊಂಡರು. ಬಾಳಮ್ಮ ಚಹಾ ತಂದರು. ಪೇಪರ್ ಕಪ್ಪೇ. ಅವಳು ಕುಡಿದಳು. ಬೇರೆಯವರ ಕೈಯಲ್ಲಿ ಏನಿದೆ ಎಂದು ನೋಡಲಿಲ್ಲ; ಇನ್ನೂ ಸಿಗದ ಮರ್ಯಾದೆ ಸಿಕ್ಕಿತು ಎಂದೂ ಅಂದುಕೊಳ್ಳಲಿಲ್ಲ.

ಮನೆ ಮುಟ್ಟಿದಾಗ ನಾಲ್ಕು ಗಂಟೆ. ಅವ್ವ ಹೊಸ್ತಿಲ ಒಳಗೆ ಕೂತು ಮೊರದಲ್ಲಿ ಅಲಸಂದಿ ಆರಿಸುತ್ತಿದ್ದಳು. ‘ಚಾಲೂ ಆತೇನ?’ ಎಂದವಳು ಮೂಗು ಅರಳಿಸಿದಳು. ಪ್ರಜ್ಞಾಳ ಓಢಣಿ, ತೋಳು, ಎದೆಯೆಲ್ಲ ನೊರೆ ಒಣಗಿ ನಾರುತ್ತಿತ್ತು.

‘ಹತ್ರ ಬಾ’ ಅಂದಳು ಸಾವಂತ್ರವ್ವ. ಬಂದಳು. ‘ಕುಡದೀಯೇನ?’

‘ಇಲ್ಲಬೇ.’

‘ಮತ್ತಿದು?’

ಪ್ರಜ್ಞಾ ಕೆಳಗೆ ಕೂತು ಹೇಳಿದಳು. ಡೇರಿ ಇಲ್ಲ, ಮ್ಯಾನೇಜರಿಲ್ಲ, ಅವನ ಕಾಲಿಗೆ ಏನೂ ಆಗಿಲ್ಲ. ಬಸಂತರಾಯರ ಮನೆ, ಬಿಯರು, ನಳ. ತಲೆ ತಗ್ಗಿಸಿ ಶುರುಮಾಡಿದ್ದಳು. ಹಿಮದ ಗೆರೆಯ ವಿಷಯಕ್ಕೆ ಬರುವಾಗ ತಲೆ ಎದ್ದಿತ್ತು. ಕ್ಯಾಪಿಲರಿಗೆ ಬರುವಾಗ ಎರಡೂ ಕೈ ಗಾಳಿಯಲ್ಲಿ ಸುತ್ತುತ್ತಿದ್ದವು. ತಪ್ಪು ಒಪ್ಪಿಕೊಳ್ಳಲು ಕೂತವಳು ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಎಂದು ಅವಳಿಗೇ ಗೊತ್ತಾಯಿತು, ನಿಲ್ಲಿಸಲಾಗಲಿಲ್ಲ. ಸಿದ್ದಾರೂಢನ ಮಾತನ್ನು ಮಾತ್ರ ಬಿಟ್ಟುಬಿಡಬೇಕೆಂದಿದ್ದಳು. ಅದನ್ನೂ ಹೇಳಿದಳು.

‘ನಕ್ರೇನ?’ ಅಂದಳು ಅವ್ವ.

‘ಒಬ್ಬಂವ.’

ಅವ್ವ ಮೊರದಿಂದ ಒಂದು ಹರಳು ಆರಿಸಿ ಹೊರಗೆ ಎಸೆದಳು. ಇನ್ನೊಂದನ್ನು ಹುಡುಕತೊಡಗಿದಳು. ಪ್ರಜ್ಞಾ ಮೊರದ ಅಂಚು ಹಿಡಿದಳು. ‘ಯವ್ವಾ, ಸಣ್ಣಾಕಿದ್ದಾಗ ಅಪ್ಪಗ ಒಂದ್ಸಲ ನಾನ ಪಾಕೀಟ ತಂದುಕೊಟ್ಟೇನಿ. ಮೋಟರ್ ಅರ್ಧಾ ಉಳಿದಿತ್ತು. ಕೈ ನಡುಗತಿದ್ವು.’

‘ಗೊತ್ತೈತಿ.’

‘ಗೊತ್ತಿತ್ತ?’

‘ಅಂಗಡಿಯಾಕಿ ಹೇಳಿದ್ಲು.’ ಅವ್ವ ಅಲಸಂದಿಯ ಮೇಲೆ ಸುಮ್ಮನೆ ಕೈ ಆಡಿಸುತ್ತಿದ್ದಳು. ‘ನಾನೂ ತಂದುಕೊಟ್ಟೇನಿ. ನೀ ಒಮ್ಮೆ, ನಾ ಎಷ್ಟ ಸಲನೋ. ಕೈ ನಡುಗೂದು ನೋಡಾಕ ಆಗ್ತಿರ್ಲಿಲ್ಲ. ಅಷ್ಟ ಚಲೋ ಕೈ.’ ಶೀಲ ಹೇಳುವಾಗ ಐದನೆಯದಕ್ಕೆ ಅವ್ವನ ದನಿ ಯಾಕೆ ಏರುತ್ತದೆ ಎಂಬುದು ಪ್ರಜ್ಞಾಳಿಗೆ ಮೊದಲ ಸಲ ತಿಳಿಯಿತು. ಅದು ಅಪ್ಪನ ಮೇಲಿನ ಸಿಟ್ಟೆಂದೇ ಇಷ್ಟು ವರ್ಷ ತಿಳಿದಿದ್ದಳು. ‘ಆ ಮನಿಷಾನೂ ಹಿಂಗ ಕೈ ಆಡಿಸಿಕೋತ ಮೋಟರಿಂದು ಹೇಳಾಕ ಬರ್ತಿದ್ದ,’ ಅಂದಳು ಅವ್ವ. ‘ನನಗ ಅಡಗಿ ಕೆಲಸ ಐತಿ ಅಂತಿದ್ದೆ. ಒಂದಿನಾನೂ ಕೇಳಲಿಲ್ಲ.’

ಹೊರಗೆ ಯಾರದೋ ಆಟೋ ಹಾದುಹೋಯಿತು. ಪ್ರಜ್ಞಾ ಓಢಣಿ ತೆಗೆದು ನೀರಿಗೆ ಹಾಕಲು ಎದ್ದಳು.

‘ಕುಂದ್ರು. ಆಮ್ಯಾಲ ಒಗೀತಿ’ ಅಂದಳು ಸಾವಂತ್ರವ್ವ. ‘ಆ ಪೈಪು ಎಷ್ಟ ಉದ್ದ ಹಾಕಿದ್ನಿ ಅಂದಿ?’

‘ಹತ್ತಡಿ.’

‘ಹತ್ತಡಿ ಅಂದ್ರ?’

ಪ್ರಜ್ಞಾ ಕೈ ಅಗಲಿಸಿ ತೋರಿಸಿದಳು. ಸಾಲಲಿಲ್ಲ. ಬಾಗಿಲ ಹತ್ತಿರದ ಗೋಡೆಗೆ ಬೆನ್ನು ಹಚ್ಚಿ ನಿಂತು, ಹಿಮ್ಮಡಿಗೆ ಬೆರಳು ತಾಗಿಸಿ ಒಂದೊಂದೇ ಹೆಜ್ಜೆ ಇಡುತ್ತ ಎಣಿಸತೊಡಗಿದಳು. ಅವ್ವ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು, ಕಾಲು ಮಡಚಿ, ದಾರಿ ಬಿಟ್ಟಳು. ಹತ್ತಕ್ಕೆ ಬರುವಾಗ ಪಡಸಾಲೆ ಮುಗಿದು ಕಾಲು ಅಡುಗೆಮನೆಯೊಳಗೆ ಬಿತ್ತು. ಅಲ್ಲಿಂದ ತಿರುಗಿ, ‘ಇಷ್ಟು’ ಅಂದಳು.

ಅವ್ವ ಬಾಗಿಲಿನಿಂದ ಅವಳ ಕಾಲಿನವರೆಗೆ ಕಣ್ಣಳತೆ ಹಾಕಿದಳು. ‘ಅಬ್ಬಬ್ಬಾ,’ ಅಂದಳು, ‘ಅಷ್ಟೂ ಆ ಪೆಟಿಗಿಯಾಗ ಹೆಂಗ ಹಿಡಿಸಿದಿ?’